ಎಡದ್ದು ಬಲಕ್ಕೆ

ಹಾಸನದ ಬಸ್‌ಸ್ಟ್ಯಾಂಡಿನ ಹಿಂದುಗಡೆ
ಜೆರಾಕ್ಸ್ ಅಂಗಡಿಗೆ ಬೆನ್ನು ಕೊಟ್ಟು ಕೂತ
ಒಂದೂವರೆ ಮಾರಿನ ಮೊಬೈಲ್ ರಿಪೇರಿ.
ಶಾಯಿಸ್ತಾ ಹಣೆಗೆ ಭೂತಗನ್ನಡಿ ಕಟ್ಟಿಕೊಂಡು
ಯಾರದೋ ಫೋನಿನ ಹೊಟ್ಟೆ ಬಗೆಯುತ್ತಿದ್ದಳು.

"ಹೊಸದು ಕಣಮ್ಮ, ಎರಡು ಸಾವಿರದ ನಾನೂರು ಕೊಟ್ಟಿದ್ದೀನಿ,
ಎಡಗಡೇದ್ರಲ್ಲಿ ತಾಳವೇ ಕೇಳಿಸಲ್ಲ."
ಡಿಪೋದ ಶನಿವಾರದ ಭಜನೆ, ನಾನೇ ರೆಕಾರ್ಡ್ ಮಾಡಿದ್ದು:
ಹಾರ್ಮೋನಿಯಂ ಇದೆ, ದಮ್ಮಡಿ ಇದೆ,
ಟೈರ್ ಸೆಕ್ಷನ್ನಿನ ಮಲ್ಲೇಶಯ್ಯನ ದಪ್ಪ ಗಂಟಲೂ ಇದೆ.
ಕಂಡಕ್ಟರ್ ಬೋರಲಿಂಗನ ತಾಳ ಮಾತ್ರ
ಬೆವರಿಗೆ ಅಳಿಸಿದ ಟಿಕೆಟ್ಟಿನ ಹಾಗೆ,
ಇದೆ ಅಂತ ಗೊತ್ತು, ಓದಕ್ಕಾಗಲ್ಲ.

ಹಳೇ ಟೂತ್‌ಬ್ರಷ್ಷಿನಿಂದ ಜಾಲರಿ ತಿಕ್ಕಿದಳು.
ಗುಗ್ಗೆ ಉದುರಿತು ಕಾಗದದ ಮೇಲೆ.
"ಹೊಸದು ಅಂದ್ರಲ್ಲ?"
"ಎರಡು ತಿಂಗಳಾಯ್ತು."
ರಬ್ಬರ್ ಟೋಪಿ ಬದಲಾಯಿಸಿ ಒಂದು ಸೈಜ್ ದೊಡ್ಡದು ಹಾಕಿದಳು,
"ಬಾಗಿಲು ಸರಿಯಾಗಿ ಕೂರದಿದ್ರೆ ಏನಾಗುತ್ತೆ,
ನಿಮಗೆ ನಾನು ಹೇಳಬೇಕಾ, ಡ್ರೈವರಣ್ಣ."

ಆಮೇಲೆ ಸೆಟ್ಟಿಂಗ್ಸಿನ ತಳಕ್ಕಿಳಿದು
ಬಿಲ್ಡ್ ನಂಬರ್ ಅನ್ನೋ ಸಾಲಿನ ಮೇಲೆ ಏಳು ಸಲ ತಟ್ಟಿದಳು.
ಸಪ್ತಪದಿಯಲ್ಲೂ ನಾನು ಅಷ್ಟು ನಿಗಾ ಇಟ್ಟು ಎಣಿಸಿರಲಿಲ್ಲ.
ನೀವೀಗ ಡೆವಲಪರ್, ಅಂತ ಫೋನೇ ಹೇಳಿತು
ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದವನಿಗೆ.

ಒಳಗೆ ಕೋಡೆಕ್ ಅಂತ ಒಂದು ಪಟ್ಟಿ.
"ಹಾಡನ್ನ ಗಾಳಿಯಲ್ಲಿ ಕಳಿಸೋ ಮುಂಚೆ ಮೂಟೆ ಕಟ್ತಾರೆ.
ಎಸ್‌ಬಿಸಿ ಅಂದ್ರೆ ಸೋಮವಾರ ಬೆಳಗಿನ ಟ್ರಿಪ್ಪು,
ಒಬ್ಬರ ಮೇಲೊಬ್ಬರು, ಯಾರದೋ ಚೀಲ ಕೆಳಗೇ ಉಳೀತು.
ಎಲ್‌ಡ್ಯಾಕ್ ಅಂದ್ರೆ ಎಲ್ಲರಿಗೂ ಸೀಟು.
ಆದ್ರೆ ಫೋನ್ ದೂರ ಇಟ್ರೆ ಘಾಟಿ ಹತ್ತೋ ಹಂಗೆ ಕೆಮ್ಮುತ್ತೆ,
ಬ್ಯಾಟರೀನೂ ಕುಡಿಯುತ್ತೆ."
ಘಾಟಿ ಹತ್ತೋ ಕೆಮ್ಮು ನನಗೆ ಹೊಸದಲ್ಲ. ಒತ್ತು ಅಂದೆ.

ಬಲಗಡೆ ಬಾಗಿಲು ತೆರೆಯಿತು.
ದಮ್ಮಡಿಯ ಚರ್ಮದ ಮೇಲೆ ಬೆರಳು ಸವರಿದ್ದು,
ಹಾಡಿನ ಮಧ್ಯೆ ಯಾರೋ ಕುರ್ಚಿ ಎಳೆದದ್ದು,
ಮಲ್ಲೇಶಯ್ಯ ಮೇಲಿನ ಸ್ಥಾಯಿಗೆ ಹೋಗೋ ಮುಂಚೆ
ಗುಟುಕು ಗಾಳಿ ನುಂಗಿದ್ದು.
ಎಡಗಡೆ ಅದೇ ಮಂಕು.

ಅವಳು ಸುಮ್ಮನೆ ನನ್ನನ್ನು ನೋಡಿದಳು.
"ಎಡದ್ದು ಬಲಕ್ಕೆ ಹಾಕಿ, ಬಲದ್ದು ಎಡಕ್ಕೆ."
ಹಾಕಿದೆ.
ಕೆಟ್ಟದ್ದು ಅಂದುಕೊಂಡಿದ್ದು ಬಲಗಿವಿಯಲ್ಲಿ
ಕಿಣಿ ಕಿಣಿ ಕಿಣಿ,
ಬೋರಲಿಂಗ ಒಂದು ಏಟೂ ತಪ್ಪಿಸಿರಲಿಲ್ಲ.
ಚೆನ್ನಾಗಿರೋದು ಎಡಗಿವಿಯಲ್ಲಿ ಮಂಕಾಯಿತು.

ಇಪ್ಪತ್ತೆರಡು ವರ್ಷ ಎಡಗಡೆ ಬಾನೆಟ್ಟು,
ಮೇಲೆ ಹಾಸಿದ ಗೋಣಿತಾಟು,
ಮಾರನಹಳ್ಳಿ ಇಳಿಜಾರಿನಲ್ಲಿ ಸೆಕೆಂಡ್ ಗೇರಿನ ಅರಚಾಟ.
ಈಗೀಗ ಪ್ಲಾಟ್‌ಫಾರ್ಮಿನಲ್ಲಿ ಎಡಗಡೆಯಿಂದ ಕೂಗಿದರೆ
ಸಕಲೇಶಪುರದ ಸಕಾರ ಶಕಾರ ಎರಡೂ ಇಳಿದುಹೋಗಿ
ಅಕಲೇ... ಪುರ, ಅಕಲೇ... ಪುರ, ಅಂತ ಬರೋದು.
ಹಲ್ಲುದುರಿದವರು ಜಾಸ್ತಿಯಾದರು ಅಂದುಕೊಂಡಿದ್ದೆ.

ಬ್ಯಾಲೆನ್ಸ್ ಅನ್ನೋ ಗೆರೆಯ ಮೇಲಿನ ಚುಕ್ಕೆಯನ್ನು
ಒಂದು ಜೀರಿಗೆಯಷ್ಟು ಎಡಕ್ಕೆ ಸರಿಸಿದಳು.
"ಇದಕ್ಕಿಂತ ಎಳೀಬೇಡಿ, ಸೌಂಡೂ ಏರಿಸಬೇಡಿ,
ಇರೋದೂ ಹೋಗುತ್ತೆ.
ಬಿಡಿಭಾಗ ಸಿಗೋ ಮಾಲಲ್ಲ ಅದು. ಡಾಕ್ಟರಿಗೆ ತೋರಿಸಿ."
ರಬ್ಬರಿಗೆ ಇಪ್ಪತ್ತು ರೂಪಾಯಿ ತಗೊಂಡಳು.
ಕಿವಿಗೆ ಏನೂ ತಗೊಳ್ಳಲಿಲ್ಲ.

ನಾಲ್ಕೂ ಹತ್ತರ ಟ್ರಿಪ್ಪು.
ಹೆಡ್‌ಫೋನು ಡಬ್ಬಿಗೆ ಹಾಕಿ ಜೇಬಿಗಿಟ್ಟೆ.
ಮೂರು ಶನಿವಾರದಿಂದ ಬೋರಲಿಂಗನಿಗೆ ಬೈದಿದ್ದೆ,
ಅನ್ನ ತಿಂದಿಲ್ವೇನೋ, ಜೋರಾಗಿ ಹಾಕೋ ಅಂತ.
ಮರುಮಾತಾಡದೆ ಜೋರಾಗೇ ಹಾಕಿದ್ದ.
ಲಾಗ್‌ಶೀಟ್ ಕೊಡುವಾಗ ನೋಡಿದೆ,
ಅವನ ತೋರುಬೆರಳಿನ ಮೇಲೆ
ತಾಳದ ದಾರ ಕೊರೆದ ಕೆಂಪು ಗೆರೆ.

ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ
ಹಿಂದಿನಿಂದ ರೈಟ್ ಅಂದ.